ಪೂವಯ್ಯನ ಕೋಲಿನ ಮೊದಲ ಮೀನು

“ಮುಚ್ಚು ಭಾವ, ಮುಚ್ಚು! ಇವತ್ತೇ ಈ ಅಂಗಡಿಗೆ ಹಲಗೆ ಜಡಿ. ಸೋಮವಾರ ಬೆಳಿಗ್ಗೆ ಎಸ್ಟೇಟಿಗೆ ಬಂದು ರೈಟರ್ ಕುರ್ಚೀಲಿ ಕೂತ್ಕೊ!”

“ಆ ಕುರ್ಚಿಗೆ ಬೆಂಕಿ ಹಾಕು! ನಿನ್ನ ರೈಟರ್ ಕೆಲಸಾನ ನಿನ್ನ ಲಾರಿ ಹಿಂದೆ ಕಟ್ಟಿ ಎಳ್ಕೊಂಡು ಹೋಗು!”

“ಹಾಗಾದ್ರೆ ನನ್ನ ತಂಗಿಗೆ ಊಟಕ್ಕೆ ಎಂಥ ಹಾಕ್ತೀಯ? ಬಿದಿರು ಬೇಯಿಸಿ ಹಾಕ್ತೀಯಾ?”

“ಹಾಕಿದ್ರೆ ತಿಂತಾಳೆ! ಎಳೆಬಿದಿರಿನ ಕಣಿಲೆ ಸಾರು ಅಂದ್ರೆ ಅವಳಿಗೆ ಪ್ರಾಣ. ಬೇಕಾದ್ರೆ ಒಳಗೆ ಹೋಗಿ ಕೇಳು!”

ಎದುರಿನ ಕಾಫಿ ಹೋಟೆಲಿನಲ್ಲಿ ಕುಳಿತಿದ್ದವರು ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಪಕ್ಕದ ಟೈಲರ್ ಮಿಷನ್ ತುಳಿಯುವುದನ್ನು ನಿಲ್ಲಿಸಿದ. ಪೂವಯ್ಯನಿಗೂ ಅವನ ಹೆಂಡತಿಯ ಅಣ್ಣ ಮೊಣ್ಣಪ್ಪನಿಗೂ ಜಗಳ ಹತ್ತಿತೆಂದರೆ ಮೂರ್ನಾಡಿನ ಪೇಟೆಯಲ್ಲಿ ಬೇರೆ ಕೆಲಸ ನಡೆಯುತ್ತಿರಲಿಲ್ಲ. ಇಬ್ಬರದೂ ದೊಡ್ಡ ಗಂಟಲು. ಇಬ್ಬರಿಗೂ ಸಿಟ್ಟು ಮೂಗಿನ ತುದಿಯಲ್ಲಿ. ಒಬ್ಬನ ಹತ್ತಿರ ಲಾರಿಯಿತ್ತು, ಇನ್ನೊಬ್ಬನ ಹತ್ತಿರ ಬಿದಿರಿತ್ತು. ವ್ಯತ್ಯಾಸವೆಂದರೆ ಅಷ್ಟೇ.

ಪೂವಯ್ಯ ಗಾಳದ ಕೋಲು ಮಾಡುವವನು. ಬಿಳಿ ದೊರೆಯೊಬ್ಬನ ಬಂಗಲೆಯಲ್ಲಿ ಕೆಲಸಕ್ಕಿದ್ದಾಗ, ದೊರೆ ಮುರಿದು ಬಿಸಾಕಿದ್ದ ಇಂಗ್ಲಿಷ್ ಕೋಲೊಂದನ್ನು ತಂದು ಬಿಸಿನೀರಲ್ಲಿ ನೆನೆಸಿ, ಬಿಚ್ಚಿ, ಅದರ ಹೊಟ್ಟೆಯೊಳಗಿನ ಗುಟ್ಟನ್ನೆಲ್ಲ ಕಂಡುಕೊಂಡಿದ್ದ. ಬಿದಿರನ್ನು ಉದ್ದಕ್ಕೆ ಆರು ಸೀಳು ಸೀಳಬೇಕು, ಒಂದೊಂದನ್ನೂ ಉಜ್ಜಿ ಮೂಲೆ ತೆಗೆಯಬೇಕು, ಆರನ್ನೂ ಅಂಟಿಸಿ ಮತ್ತೆ ಒಂದು ಕೋಲು ಮಾಡಬೇಕು. ಆಗ ಅದು ಚಾಟಿಯ ಹಾಗೆ ಬಾಗುತ್ತದೆ, ಮುರಿಯುವುದಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದು ದೊರೆ ತೋಟ ಮಾರಿ ಹಡಗು ಹತ್ತಿದ ಮೇಲೆ ಪೂವಯ್ಯ ಮೂರ್ನಾಡಿನಲ್ಲಿ ಅಂಗಡಿ ಹಾಕಿದ. ಮಿಲಿಟರಿಯಿಂದ ರಿಟೈರ್ ಆಗಿ ಬಂದವರು, ತೋಟದ ಯಜಮಾನರು, ಕಾವೇರಿಯ ದೊಡ್ಡ ದೊಡ್ಡ ಬಿಳಿಮೀನಿನ ಹುಚ್ಚು ಹಿಡಿದವರು ಬರುತ್ತಿದ್ದರು. ಆದರೆ ಹುಚ್ಚು ಹಿಡಿದವರು ಎಲ್ಲಿಯೂ ಕಡಿಮೆಯೇ. ಅಂಗಡಿ ಬಾಗಿಲಲ್ಲಿ ನೊಣ ಓಡಿಸುವ ದಿನಗಳೇ ಹೆಚ್ಚಾಗಿದ್ದವು.

ಅದರ ಮೇಲೆ ಪೂವಯ್ಯನ ಕಟ್ಟಳೆಗಳು. ಕೋಲು ಬೇಕೆಂದು ಬಂದವನ ಕೈಗೆ ಮೊದಲು ಒನಕೆ ಕೊಡುತ್ತಿದ್ದ. “ಬೀಸಿ” ಅನ್ನುತ್ತಿದ್ದ. ಅವರು ಬೀಸುವಾಗ ಮಣಿಕಟ್ಟು ಹಿಡಿದು, ನಾಡಿ ನೋಡುವ ಪಂಡಿತನ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಮಣಿಕಟ್ಟು ಏನು ಹೇಳುತ್ತದೋ ಹಾಗೆ ಕೋಲು. ಇನ್ನೊಂದು ಕಟ್ಟಳೆ ಇನ್ನೂ ದೊಡ್ಡದು: ಹೊಸ ಕೋಲು ಯಾವ ನೀರಿಗೆ ಇಳಿಯಬೇಕೋ ಅದೇ ನೀರಿನಲ್ಲಿ ಮೊದಲ ಮೀನನ್ನು ಪೂವಯ್ಯನೇ ಹಿಡಿಯಬೇಕು. ಅಲ್ಲಿಯವರೆಗೆ ಗಿರಾಕಿ ಕೋಲನ್ನು ಮುಟ್ಟುವಂತಿಲ್ಲ. ಆ ಮೀನನ್ನು ದಡದಲ್ಲೇ ಬೇಯಿಸಿ ಅಲ್ಲಿದ್ದವರೆಲ್ಲ ತಿನ್ನಬೇಕು. ತಿಂದವರು ಕೋಲನ್ನು ಒಪ್ಪಿದ ಹಾಗೆ. ತಿಂದ ಮೇಲೆ ಕೊಂಕು ತೆಗೆಯಬಾರದು. ಈ ಪದ್ಧತಿ ಎಲ್ಲಿಂದ ಬಂತೆಂದು ಕೇಳಿದರೆ ಪೂವಯ್ಯ ಹಿರಿಯರ ಹೆಸರು ಹೇಳುತ್ತಿದ್ದ. ಅವನ ಹಿರಿಯರು ಗದ್ದೆಯಲ್ಲಿ ಏಡಿ ಹಿಡಿದದ್ದು ಬಿಟ್ಟರೆ ನೀರಿನ ತಂಟೆಗೆ ಹೋದವರಲ್ಲ.

ಈಗಿನ ಜಗಳಕ್ಕೆ ಕಾರಣ ಸರ್ವಮಂಗಳ ಟೀಚರು. ಮೂರ್ನಾಡು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ, ಬಾಗಿಲಿಗಿಂತ ಎತ್ತರದ ಹೆಂಗಸು. ಈಗ ಮಂಗಳೂರಿನ ಹೆಣ್ಣುಮಕ್ಕಳ ಶಾಲೆಗೆ ಹೆಡ್‌ಮಿಸ್ಟ್ರೆಸ್. ರಜೆಗೆ ಬಂದವರು ನೆಟ್ಟಗೆ ಅಂಗಡಿಗೆ ಬಂದು, “ಪೂವಯ್ಯನವರೇ, ನನಗೆ ಕಡಲಲ್ಲಿ ಮೀನು ಹಿಡಿಯೋಕೆ ಒಂದು ಕೋಲು ಬೇಕು” ಎಂದುಬಿಟ್ಟಿದ್ದರು. ಟೀಚರ ಮಣಿಕಟ್ಟು ಪೂವಯ್ಯ ಹಿಡಿಯುವುದು ಹೇಗೆ? ಹೆಂಡತಿ ಬೊಳ್ಳಮ್ಮನೇ ಒಳಗೆ ಕರೆದುಕೊಂಡು ಹೋಗಿ ಒನಕೆ ಬೀಸಿಸಿ, ಹೊರಗೆ ಬಂದು ಗಂಡನಿಗೆ ವರದಿ ಒಪ್ಪಿಸಿದ್ದಳು: “ಕೈಯಾ ಅದು? ಹಲಸಿನಮರದ ಕೊಂಬೆ. ಒನಕೆ ಕಿಟಕಿಯಿಂದ ಆಚೆ ಹೋಗೀತು.”

ಆ ಮಾತನ್ನೇ ಅಳತೆ ಮಾಡಿಕೊಂಡು ಪೂವಯ್ಯ ಎರಡು ಕೈಯಲ್ಲಿ ಹಿಡಿಯುವ ಉದ್ದದ ಕೋಲು ಮಾಡಿದ್ದ. ಉಪ್ಪುನೀರಿಗೆ ಅಂಟು ಬಿಡಬಾರದೆಂದು ಬೊಳ್ಳಮ್ಮ ಬುಡದಿಂದ ತುದಿಯವರೆಗೆ ರೇಷ್ಮೆ ದಾರ ಸುತ್ತಿ, ಮೇಲೆ ಅರಗು ಬಳಿದಿದ್ದಳು. ಕೆಂಪು ದಾರ, ನಡುನಡುವೆ ಹಸಿರು. ಗೋಡೆಗೆ ಒರಗಿಸಿದರೆ ಮದುವೆ ಮನೆಯ ಕಂಬದ ಹಾಗೆ ಕಾಣುತ್ತಿತ್ತು.

“ಕಡಲಿಗೆ ಕೋಲಂತೆ!” ಮೊಣ್ಣಪ್ಪ ಪೇಟೆಗೆಲ್ಲ ಕೇಳುವ ಹಾಗೆ ಕೂಗಿದ. “ನಮ್ಮ ಕೊಡಗು ರಾಜ್ಯಕ್ಕೆ ಮಂತ್ರಿಗಳು ಉಟ್ಟು, ಅಸೆಂಬ್ಲಿ ಉಟ್ಟು, ಕಡಲು ಉಟ್ಟಾ? ನೀನು ಜನ್ಮದಲ್ಲಿ ಕಡಲು ನೋಡಿದ್ದೀಯಾ ಭಾವ?”

“ನೀನು ನೋಡಿದ್ದೀಯಾ?”

“ನನ್ನ ಲಾರಿ ವಾರವಾರ ಮಂಗಳೂರಿಗೆ ಹೋಗ್ತದೆ!”

“ಲಾರಿ ನೋಡಿದ್ದು ಸರಿ. ನೀನು?”

ಹೋಟೆಲಿನ ಬಾಗಿಲಲ್ಲಿ ನಗೆ ಎದ್ದಿತು. ಮೊಣ್ಣಪ್ಪನ ಕಿವಿ ಕೆಂಪಾಯಿತು. ಮಂಗಳೂರಿನವರೆಗೆ ಹೋಗಿ ಕಾಫಿ ಮೂಟೆ ಇಳಿಸಿ, ಕಡಲಿನ ಕಡೆ ತಿರುಗಿಯೂ ನೋಡದೆ ಹೆಂಚು ತುಂಬಿಸಿಕೊಂಡು ಬರುವ ಮನುಷ್ಯ ಅವನು. ಆದರೆ ತಂಗಿಯ ಮೇಲಿನ ಅಕ್ಕರೆ ಸುಳ್ಳಲ್ಲ. ತೋಟದ ಯಜಮಾನರ ಕಾಲು ಹಿಡಿದು ಭಾವನಿಗೊಂದು ರೈಟರ್ ಕೆಲಸ ಗೊತ್ತು ಮಾಡಿ ಬಂದಿದ್ದ. ಪೂವಯ್ಯನಿಗೆ ಆ ಕೆಲಸದ ಯೋಚನೆ ಬಂದರೇ ಮೈಯೆಲ್ಲ ಚೇಳು ಹರಿದ ಹಾಗೆ ಆಗುತ್ತಿತ್ತು. ಕೂಲಿಯಾಳುಗಳ ಲೈನ್ ಮನೆಗಳ ಮುಂದೆ ನಿಂತು ಹಾಜರಿ ಕೂಗುವುದು, ಕಾಫಿ ಪಿಕಿಂಗ್‌ಗೆ ತಡವಾಗಿ ಬಂದ ಹೆಂಗಸರಿಗೆ ಬೈಯುವುದು, ಸಂಜೆ ಯಜಮಾನರಿಂದ ತಾನು ಬೈಸಿಕೊಳ್ಳುವುದು. ಕೈಯಲ್ಲಿ ಬಿದಿರಿಲ್ಲದೆ ಬದುಕುವುದಾದರೂ ಹೇಗೆ?

ಅಷ್ಟರಲ್ಲಿ ಬೊಳ್ಳಮ್ಮ ಬೆರಳಿಗೆ ದಾರ ಸುತ್ತಿಕೊಂಡೇ ಒಳಗಿನಿಂದ ಬಂದಳು.

“ಇಬ್ಬರೂ ಬಾಯಿ ಮುಚ್ಚಿ. ಅಣ್ಣ, ಶನಿವಾರ ನಿನ್ನ ಲಾರಿ ಮಂಗಳೂರಿಗೆ ಹೋಗ್ತದಲ್ಲ? ಎಲ್ಲರೂ ಹೋಗುವ. ಇವರ ಕೋಲಿಗೆ ಕಡಲಲ್ಲಿ ಮೀನು ಸಿಕ್ಕಿದ್ರೆ, ಆ ಮೊದಲ ಮೀನು ನೀನು ತಿನ್ನಬೇಕು. ತಿಂದ ಮೇಲೆ ರೈಟರ್ ಮಾತು ಎತ್ತಿದ್ರೆ ನೀನು ನಂಗೆ ಅಣ್ಣನೇ ಅಲ್ಲ. ಸಿಕ್ಕದಿದ್ರೆ ಇವರು ಸೋಮವಾರ ಎಸ್ಟೇಟಿಗೆ. ಆಯ್ತಾ?”

“ಆಯ್ತು!” ಎಂದ ಮೊಣ್ಣಪ್ಪ.

“ಆಯ್ತು!” ಎಂದ ಪೂವಯ್ಯ, ಇನ್ನೂ ಜೋರಾಗಿ.

ಶನಿವಾರ ಕಾಫಿ ಮೂಟೆಗಳ ಮೇಲೆ ಕೋಲನ್ನು ಮಲಗಿಸಿ, ಲಾರಿಯ ಹಿಂದಕ್ಕೆ ಚಾಚಿಕೊಂಡ ತುದಿಗೆ ಕೆಂಪು ಬಟ್ಟೆ ಕಟ್ಟಿ, ಪೂವಯ್ಯ ತಾನೂ ಮೂಟೆಯ ಮೇಲೆಯೇ ಹತ್ತಿ ಕುಳಿತ. ಬೊಳ್ಳಮ್ಮ, ಮೊಣ್ಣಪ್ಪ ಮುಂದೆ. ಲಾರಿ ಓಡಿಸುವವನು ಜವರಯ್ಯ, ಫ್ರೇಜರ್‌ಪೇಟೆ ಕಡೆಯವನು. ಅವನ ಅಜ್ಜ ಹಾಸನದ ಸೀಮೆಯಿಂದ ಬಂದು ಅಲ್ಲಿ ಹೊಲ ಮಾಡಿದ್ದ. ರಾಗಿ ಇಲ್ಲದ ಊಟವನ್ನು ಜವರಯ್ಯ ಊಟವೆಂದೇ ಒಪ್ಪುತ್ತಿರಲಿಲ್ಲ. ಕಾವೇರಿಯ ಬಿಳಿಮೀನಿಗೂ ಅದೇ ಅಭಿಪ್ರಾಯವಿದ್ದುದರಿಂದ ಪೂವಯ್ಯನ ಗಾಳಕ್ಕೆ ರಾಗಿಹಿಟ್ಟಿನ ಉಂಡೆ ಕಟ್ಟಿಕೊಡುವ ಕೆಲಸ ಯಾವಾಗಲೂ ಅವನದೇ. ಹಿಟ್ಟು ಬೇಯಿಸಿ, ಇಂಗು ಬೆರೆಸಿ, ಇನ್ನೂ ಏನೇನೋ ಹಾಕಿ, ಒಂದು ಡಬ್ಬದಲ್ಲಿ ಹುದುಗು ಬರಿಸಿ ತಂದಿದ್ದ.

“ಕಡಲಿನ ಮೀನೂ ಮೀನೇ ಅಲ್ವ್ರಾ ಪೂವಯ್ನೋರೇ?” ಎಂದ. “ಒಂದ್ಸಲ ನಮ್ ರಾಗಿ ರುಚಿ ಕಂಡ್ರೆ ಸಾಕು, ಈಜ್ಕೊಂಡು ಫ್ರೇಜರ್‌ಪೇಟೆಗೇ ಬತ್ತವೆ.”

ಸಂಪಾಜೆ ಘಾಟಿ ಇಳಿದು ಮದ್ರಾಸ್ ರಾಜ್ಯದ ಗಡಿ ಮುಟ್ಟಿದಾಗ ತಪಾಸಣೆಯ ಪೊಲೀಸಿನವನು ಕೈ ಅಡ್ಡ ಹಿಡಿದ. ಆ ಕಡೆ ಪಾನನಿರೋಧ. ಕೊಡಗಿನಿಂದ ಇಳಿಯುವ ಪ್ರತಿ ಡಬ್ಬದ ಮೇಲೂ ಅವರಿಗೆ ಅನುಮಾನ. ಜವರಯ್ಯನ ಡಬ್ಬದ ಮುಚ್ಚಳ ತೆಗೆದು ಮೂಗು ಹಾಕಿದವನೇ ಎರಡು ಹೆಜ್ಜೆ ಹಿಂದೆ ಹಾರಿದ.

“ಸಾರಾಯಿ ಕೊಳೆ!”

“ಅಯ್ಯೋ ಸ್ವಾಮಿ, ಸಾರಾಯಿ ಅಲ್ಲ, ಮೀನಿನ ತಿಂಡಿ!”

“ಮೀನಿಗೆ ಇಷ್ಟು ನಾತದ ತಿಂಡಿಯಾ?”

“ಮೀನೇನು ಪರಿಮಳವಾ ಸ್ವಾಮಿ?”

ಪೊಲೀಸಿನವನು ಆದರೂ ಡಬ್ಬ ಬಿಟ್ಟುಕೊಡಲಿಲ್ಲ. ಕೊನೆಗೆ ಜವರಯ್ಯ ಒಂದು ಉಂಡೆ ಉರುಟಿ ತಾನೇ ನುಂಗಿ, ನೆಟ್ಟಗೆ ನಿಂತು, ನೆಲದ ಮೇಲೆ ಗೆರೆ ಹಿಡಿದ ಹಾಗೆ ನಡೆದು ತೋರಿಸಿದ. ಮೂಟೆಯ ಮೇಲಿದ್ದ ಪೂವಯ್ಯ ನಕ್ಕೂ ನಕ್ಕೂ ಕೆಳಗೆ ಬೀಳುವುದರಲ್ಲಿದ್ದ. ಮೊಣ್ಣಪ್ಪ ಮಾತ್ರ ಕೈಗಡಿಯಾರ ನೋಡಿಕೊಳ್ಳುತ್ತಿದ್ದ.

ಮಂಗಳೂರಿನಲ್ಲಿ ಮೂಟೆ ಇಳಿಸಿ, ಟೀಚರು ಕಾಗದದಲ್ಲಿ ಬರೆದಿದ್ದ ಗುರುತು ಹಿಡಿದು, ತೆಂಗಿನ ಸಾಲುಗಳ ನಡುವಿನ ಮಣ್ಣುದಾರಿಯಲ್ಲಿ ಲಾರಿ ನುಗ್ಗಿತು. ದಾರಿ ಮುಗಿದು ಮರಳು ಶುರುವಾಯಿತು. ಪೂವಯ್ಯ ಮೇಲೆ ಎದ್ದು ನಿಂತಿದ್ದ.

ಕಡಲು ಕಂಡಿತು.

ಅವನು ಕೋಲು ಹಿಡಿದುಕೊಂಡು ಬಾಯಿ ತೆರೆದು ನಿಂತೇ ಇದ್ದ. ಕೆಳಗಿನಿಂದ ಬೊಳ್ಳಮ್ಮ ಕೂಗಿದಳು, “ಇಳೀರಿ! ಎಂಥ ನೋಡ್ತಾ ಇದ್ದೀರಿ?”

“ಆಚೆ ದಡ ಎಲ್ಲುಟ್ಟು ಅಂತ ನೋಡ್ತಾ ಇದ್ದೆ” ಎಂದ ಪೂವಯ್ಯ. ಹಾಗೆ ಹೇಳಿದ್ದೇ ಅವನಿಗೆ ಒಳಗಿನಿಂದ ನಗೆ ಉಕ್ಕಿತು. ಯಾಕೆಂದು ಗೊತ್ತಿಲ್ಲ. ಐವತ್ತು ದಾಟಿದ ಗಂಡಸು ಲಾರಿಯಿಂದ ಹಾರಿ, ಮರಳಿನ ಮೇಲೆ ಓಡಿ, ಪಂಚೆ ಎತ್ತಿಕಟ್ಟಿ ಮೊಣಕಾಲಿನವರೆಗೆ ನೀರಿಗೆ ಹೋಗಿ, ಒಂದು ಬೊಗಸೆ ಎತ್ತಿ ಕುಡಿದು, ‘ಥೂ’ ಎಂದು ಉಗಿದು, ಮತ್ತೆ ನಕ್ಕ. “ಇಷ್ಟೂ ನೀರಿಗೂ ಉಪ್ಪು ಹಾಕಿದವರು ಯಾರು ಮಾರಾಯ!” ಬೊಳ್ಳಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾ, ಅಲೆ ಬಂದಾಗಲೆಲ್ಲ ಹಿಂದಕ್ಕೆ ಓಡಿ, ಅಲೆ ಹೋದಾಗಲೆಲ್ಲ ಅದನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಳು.

ಸರ್ವಮಂಗಳ ಟೀಚರು ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಕೊಡೆ ಹಿಡಿದು ಆಗಲೇ ಬಂದು ನಿಂತಿದ್ದರು. ಕೋಲು ನೋಡಿದ್ದೇ ಕೈ ಚಾಚಿದರು.

“ಮುಟ್ಟಬಾರದು!” ಪೂವಯ್ಯ ಗುಡುಗಿದ. “ಮೊದಲ ಮೀನು ಆಗ್ಲಿ.”

ಶಾಲೆಗೆ ಶಾಲೆಯನ್ನೇ ನಡುಗಿಸುವ ಟೀಚರು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು.

ಅಲ್ಲೇ ದೋಣಿಯ ನೆರಳಲ್ಲಿ ಬಲೆ ಹೊಲಿಯುತ್ತಿದ್ದ ಮುದುಕನೊಬ್ಬ ಇದನ್ನೆಲ್ಲ ನೋಡುತ್ತಿದ್ದ. ಪೂವಯ್ಯ ಅವನ ಹತ್ತಿರ ಹೋಗಿ ಕೇಳಿದ, “ಅಜ್ಜ, ಇಲ್ಲಿ ನೀರು ಯಾವ ಕಡೆಯಿಂದ ಯಾವ ಕಡೆಗೆ ಹರೀತದೆ?” ಹೊಳೆಯಲ್ಲಿ ಗಾಳ ಹಾಕುವವನು ಮೊದಲು ಕೇಳುವ ಪ್ರಶ್ನೆ ಅದೇ.

ಮುದುಕ ಸೂಜಿ ಕೆಳಗಿಟ್ಟ. “ಬರ್ತದೆ, ಹೋಗ್ತದೆ” ಎಂದ. “ಈಗ ಬರುವ ಹೊತ್ತು. ನಿಮ್ಮ ಬುಟ್ಟಿ ಮೇಲೆ ಇಡಿ ಮಾರಾಯ್ರೆ, ನೀರು ಏರ್ತದೆ.”

ಬುಟ್ಟಿಯಲ್ಲಿ ಬೊಳ್ಳಮ್ಮ ಕಟ್ಟಿ ತಂದಿದ್ದ ಅಕ್ಕಿರೊಟ್ಟಿ, ಹಂದಿ ಸಾರು ಇತ್ತು. ನೀರಂಚಿನಿಂದ ತುಸು ದೂರ, ಒಣಮರಳಿನ ಮೇಲೆ. ಮೊಣ್ಣಪ್ಪ ತನ್ನ ಹೊಸ ಕೋಟನ್ನು ಮಡಚಿ ಅದರ ಮೇಲಿಟ್ಟು, ಹೊಸ ಚಪ್ಪಲಿಯನ್ನು ಪಕ್ಕದಲ್ಲಿ ಜೋಡಿಸಿದ್ದ. ಪೂವಯ್ಯ ಮೊಣ್ಣಪ್ಪನ ಮುಖ ನೋಡಿದ. ಮೊಣ್ಣಪ್ಪ ಪೂವಯ್ಯನ ಮುಖ ನೋಡಿದ. ಇಬ್ಬರೂ ಒಟ್ಟಿಗೆ ನಕ್ಕರು.

“ಬೇಸಗೆಯಲ್ಲಿ ನೀರು ಏರುವುದಂತೆ!” ಎಂದ ಮೊಣ್ಣಪ್ಪ.

“ಮಳೆ ಇಲ್ಲೆ, ಎಂಥ ಇಲ್ಲೆ!” ಎಂದ ಪೂವಯ್ಯ.

ಭಾವಂದಿರಿಬ್ಬರು ಒಂದು ವಿಷಯಕ್ಕೆ ಒಪ್ಪಿದ್ದು ಬೊಳ್ಳಮ್ಮನ ಮದುವೆಯಾದ ಮೇಲೆ ಅದೇ ಮೊದಲು. ಮುದುಕ ಭುಜ ಕುಣಿಸಿ ಮತ್ತೆ ಸೂಜಿ ಎತ್ತಿಕೊಂಡ.

ಜವರಯ್ಯ ಗಾಳಕ್ಕೆ ರಾಗಿ ಉಂಡೆ ಕಟ್ಟಿದ. ಪೂವಯ್ಯ ಎರಡೂ ಕೈಯಲ್ಲಿ ಕೋಲು ಹಿಡಿದು, ಮೈ ತಿರುಗಿಸಿ ಬೀಸಿದ. ಏನು ಬೀಸು ಅದು! ಕೋಲು ಬಿಲ್ಲಿನ ಹಾಗೆ ಬಾಗಿ ನೆಟ್ಟಗಾಯಿತು, ಬುಡದಲ್ಲಿದ್ದ ದಾರದ ರೀಲು ಕೂಗಿತು, ದಾರ ಕಡಲಿನ ಮೇಲೆ ಹಾರಿಹೋಯಿತು. ರಾಗಿ ಉಂಡೆ ಮಾತ್ರ ಗಾಳ ಬಿಟ್ಟು ಬೇರೆ ದಾರಿ ಹಿಡಿದು, ಟೀಚರ ಕೊಡೆಯ ಮೇಲೆ ‘ಪಟ್’ ಎಂದು ಬಿತ್ತು. ಒಂದು ಕಾಗೆ ಬಂದು ಕೊಡೆಯ ಮೇಲೆ ಕುಳಿತು ಅದನ್ನು ತಿಂದಿತು.

“ಕಾಗೆಗೆ ಹಿಡಿಸ್ತು ನೋಡ್ರೀ” ಎಂದ ಜವರಯ್ಯ, ಎದೆಗುಂದದೆ.

ಎರಡನೆಯ ಉಂಡೆ ನೀರಿಗೇನೋ ಬಿತ್ತು, ಆದರೆ ಅಲೆಯ ಹೊಡೆತಕ್ಕೆ ಗಂಜಿಯಾಯಿತು. ಮೂರನೆಯದೂ ಹಾಗೆಯೇ. ಆಮೇಲಿನವೂ ಹಾಗೆಯೇ. ಡಬ್ಬ ಖಾಲಿಯಾಗುವ ಹೊತ್ತಿಗೆ ಮುದುಕ ತಡೆಯಲಾರದೆ ಎದ್ದು ಬಂದ.

“ಅದೆಂಥದು?”

“ರಾಗಿ” ಎಂದ ಪೂವಯ್ಯ.

“ಕಡಲ ಮೀನಿಗೆ ರಾಗಿಯಾ!” ಮುದುಕ ಸೊಂಟ ಹಿಡಿದು ನಕ್ಕ. “ಅದರ ಅಜ್ಜ ಮುತ್ತಜ್ಜ ಕಂಡದ್ದಿಲ್ಲ ಮಾರಾಯ್ರೆ! ಮೀನಾದ್ರೂ ಕಟ್ಟಿ, ಮಾಂಸವಾದ್ರೂ ಕಟ್ಟಿ. ನನ್ನ ಹತ್ತಿರ ಈಗ ಒಂದು ಬಂಗುಡೆಯೂ ಇಲ್ಲ, ದೋಣಿಗಳು ಬರುವುದು ಸಂಜೆಗೆ.”

“ಸಂಜೆಗೆ?” ಮೊಣ್ಣಪ್ಪನ ಮುಖ ಅರಳಿತು. “ಅಷ್ಟು ಹೊತ್ತು ಯಾರು ಕಾಯ್ತಾರೆ? ನನಗೆ ಹೆಂಚು ತುಂಬಿಸ್ಬೇಕು. ಭಾವ, ಮುಗೀತು. ಬೊಳ್ಳಮ್ಮ, ಊಟ ಮುಗಿಸಿ ಹೊರಡುವ.” ಗೆದ್ದ ಹುರುಪಿನಲ್ಲಿ ಅವನೇ ಹೋಗಿ ಬುಟ್ಟಿಗೆ ಕೈ ಹಾಕಿ, ಸಾರಿನ ಪಾತ್ರೆಯಿಂದ ತೊಗಲು ಸಮೇತದ ಒಂದು ದಪ್ಪ ತುಂಡು ಎತ್ತಿ ಕೈಯಲ್ಲಿ ಹಿಡಿದ.

ಆಗ ಆ ಅಲೆ ಬಂತು.

ಅದು ಕೂಗಲಿಲ್ಲ, ಎದ್ದು ನಿಲ್ಲಲಿಲ್ಲ. ಚಾಪೆ ಬಿಡಿಸಿದ ಹಾಗೆ ಸದ್ದಿಲ್ಲದೆ ಮರಳಿನ ಮೇಲೆ ಹರಡುತ್ತಾ ಬಂದು, ಬುಟ್ಟಿಯನ್ನು ಎತ್ತಿಕೊಂಡು, ಕೋಟನ್ನು ಎತ್ತಿಕೊಂಡು, ಚಪ್ಪಲಿಗಳನ್ನೂ ಮರೆಯದೆ ಎತ್ತಿಕೊಂಡು, ಬಂದ ದಾರಿಯಲ್ಲಿ ವಾಪಸು ಹೋಯಿತು. ಕೋಟು ಎರಡೂ ತೋಳು ಚಾಚಿ, ಯಾರೋ ಈಜುತ್ತಿರುವ ಹಾಗೆ ದೂರ ಸಾಗಿತು. ರೊಟ್ಟಿಗಳು ಒಂದೊಂದಾಗಿ ಹಿಂಬಾಲಿಸಿದವು.

“ನನ್ನ ಕೋಟು!” ಎಂದ ಮೊಣ್ಣಪ್ಪ.

“ನನ್ನ ಪಾತ್ರೆ!” ಎಂದಳು ಬೊಳ್ಳಮ್ಮ.

ಜವರಯ್ಯ ಸೊಂಟದವರೆಗೆ ನುಗ್ಗಿ ಪಾತ್ರೆಯೊಂದನ್ನು ಹಿಡಿದು ತಂದ. ಒಳಗೆ ಕಡಲಿನ ನೀರು ಬಿಟ್ಟರೆ ಏನೂ ಇರಲಿಲ್ಲ. ಚಪ್ಪಲಿ ಹೋಗಿತ್ತು, ಕೋಟು ಹೋಗಿತ್ತು, ಐದು ಜನರ ಊಟ ಹೋಗಿತ್ತು. ಉಳಿದದ್ದು ಮೊಣ್ಣಪ್ಪನ ಕೈಯಲ್ಲಿದ್ದ ಆ ಒಂದೇ ಒಂದು ಹಂದಿ ತುಂಡು.

ಪೂವಯ್ಯ ಅದನ್ನು ನೋಡಿದ. ತೊಗಲು ಗಟ್ಟಿಯಾಗಿತ್ತು. ಅಲೆಗೆ ಬಿಚ್ಚಿಹೋಗುವಂಥದ್ದಲ್ಲ.

“ಭಾವ” ಎಂದ, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ, “ಅದನ್ನು ಕೊಡು.”

“ಕೊಡೂದಿಲ್ಲೆ! ಬೆಳಿಗ್ಗೆಯಿಂದ ಹೊಟ್ಟೆಗೆ ಎಂಥ ಬಿದ್ದಿಲ್ಲೆ ನಂಗೆ!”

“ಒಂದೇ ಸಲ ಹಾಕ್ತೇನೆ. ಸಿಕ್ಕದಿದ್ರೆ ಸೋಮವಾರ ನಾನೇ ಬಂದು ಆ ಕುರ್ಚೀಲಿ ಕೂರ್ತೇನೆ. ಆಣೆ!”

“ನಾನು ತಿಂದ್ರೂ ನೀನು ಕೂರ್ತೀಯ! ನಾನು ಯಾಕೆ ಕೊಡ್ಬೇಕು?”

ಇದು ನ್ಯಾಯವಾದ ಮಾತೇ. ನ್ಯಾಯವಾದ ಮಾತು ಕೇಳಿದರೆ ಪೂವಯ್ಯನಿಗೆ ಸಿಟ್ಟು ಹೆಚ್ಚು. ಹಾರಿದ. ಮೊಣ್ಣಪ್ಪ ತುಂಡನ್ನು ತಲೆಯ ಮೇಲೆ ಎತ್ತಿ ಹಿಡಿದು ಓಡಿದ. ಇಬ್ಬರು ನಡುವಯಸ್ಸಿನ ಗಂಡಸರು ಒಂದು ಹಂದಿ ತುಂಡಿಗಾಗಿ ಕಡಲ ತೀರದುದ್ದಕ್ಕೂ ಓಡುವುದನ್ನು ನೋಡಲು ಮುದುಕನ ಮನೆಯವರೆಲ್ಲ ಗುಡಿಸಲಿನಿಂದ ಹೊರಗೆ ಬಂದರು. ಮೊಣ್ಣಪ್ಪ ತಿರುಗಿ ತುಂಡನ್ನು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಟೀಚರು ಕೊಡೆಯ ಹಿಡಿಯಿಂದ ಅವನ ಮಣಿಕಟ್ಟನ್ನು ಕೊಕ್ಕೆ ಹಾಕಿ ಎಳೆದರು. ತುಂಡು ಹಾರಿ ಬೊಳ್ಳಮ್ಮನ ಮಡಿಲಿಗೆ ಬಿತ್ತು.

“ಕ್ಷಮಿಸಿ ಮೊಣ್ಣಪ್ಪನವರೇ, ಕೈ ತಪ್ಪಿತು” ಎಂದರು ಟೀಚರು.

ಬೊಳ್ಳಮ್ಮ ಅಣ್ಣನ ಮುಖ ನೋಡದೆ ತುಂಡನ್ನು ಗಾಳಕ್ಕೆ ಚುಚ್ಚಿ, ಮೇಲೆ ದಾರ ಸುತ್ತಿ ಬಿಗಿದಳು. ದಾರ ಸುತ್ತುವುದರಲ್ಲಿ ಅವಳ ಕೈ ತಪ್ಪುವುದಿಲ್ಲ.

ಪೂವಯ್ಯ ಬೀಸಿದ. ತುಂಡು ಅಲೆಗಳ ಸಾಲು ದಾಟಿ ಎಲ್ಲೋ ದೂರ ಬಿತ್ತು. ಎಲ್ಲರೂ ನಿಂತರು. ಕಾಗೆಯೂ ಮತ್ತೆ ಬಂದು ಕೊಡೆಯ ಮೇಲೆ ಕುಳಿತಿತು. ನೀರು ಬಂತು, ಹೋಯಿತು. ಬಂತು, ಹೋಯಿತು. ದಾರ ಬಿಗಿಯಾಯಿತು. ಎಳೆದ. ಅಲ್ಲಾಡಲಿಲ್ಲ.

“ಬಂಡೆ” ಎಂದ ಪೂವಯ್ಯ. “ಬಂಡೆಗೆ ಸಿಕ್ಕಿಹಾಕ್ಕೊಂಡಿತು.”

“ಹೋಗ್ಲಿ ಬಿಡು” ಎಂದ ಮೊಣ್ಣಪ್ಪ. ಗೆದ್ದಿದ್ದರೂ ಅವನ ದನಿಯಲ್ಲಿ ಹಸಿವೇ ಇತ್ತು. “ಎಸ್ಟೇಟಲ್ಲಿ ಮಧ್ಯಾಹ್ನದ ಕಾಫಿ ಯಜಮಾನರೇ ಕೊಡ್ತಾರೆ.”

ಪೂವಯ್ಯ ದಾರ ಕತ್ತರಿಸಲು ಸೊಂಟದ ಕತ್ತಿಗೆ ಕೈ ಹಾಕಿದ. ಲೈನ್ ಮನೆಗಳ ಸಾಲು, ಕುರ್ಚಿ, ಹಾಜರಿಯ ಕೂಗು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಮುದುಕ ಅವನ ಕೈ ಹಿಡಿದ.

“ಇಲ್ಲಿ ಬಂಡೆ ಎಲ್ಲಿಂದ ಬರಬೇಕು? ಎಲ್ಲ ಮರಳು.”

ಆಗ ಬಂಡೆ ನಡೆಯಲು ಶುರುಮಾಡಿತು.

ಮೊದಲು ಮೆಲ್ಲಗೆ, ಎತ್ತಿನಗಾಡಿ ಹೊರಟ ಹಾಗೆ. ಆಮೇಲೆ ರೀಲು ಕಿರುಚಿಕೊಂಡಿತು. ಕೋಲು ಬಾಗಿತು, ಬಾಗಿತು, ಪೂವಯ್ಯ ಮಾಡಿದ ಯಾವ ಕೋಲೂ ಬಾಗದಷ್ಟು ಬಾಗಿ ತುದಿ ನೀರು ಮುಟ್ಟಿತು. ಅಂಟು ಬಿಡಲಿಲ್ಲ. ದಾರ ಬಿಚ್ಚಲಿಲ್ಲ. ಪೂವಯ್ಯನ ಕಾಲು ಮಾತ್ರ ಮರಳಿನಲ್ಲಿ ಉಳುತ್ತಾ ಕಡಲಿನ ಕಡೆ ಹೊರಟಿತು.

“ಹಿಡ್ಕೊಳ್ಳಿ ನನ್ನ!”

ಬೊಳ್ಳಮ್ಮ ಹಿಂದಿನಿಂದ ಅವನ ಸೊಂಟ ತಬ್ಬಿದಳು. ಪೇಟೆಯಲ್ಲಾದರೆ ಗಂಡನ ಪಕ್ಕದಲ್ಲಿ ನಡೆಯಲೂ ನಾಚುವ ಹೆಂಗಸು. ಅವಳ ಹಿಂದೆ ಟೀಚರು. ಟೀಚರ ಹಿಂದೆ ಯಾರೂ ಹಿಡಿಯುವ ಹಾಗಿರಲಿಲ್ಲವಾದ್ದರಿಂದ ಜವರಯ್ಯ ಮುಂದೆ ಹೋಗಿ ಪೂವಯ್ಯನ ಎದೆಗೆ ಭುಜ ಕೊಟ್ಟು ನೂಕಿದ. ಮುದುಕನ ಹೆಂಡತಿ, ಸೊಸೆಯಂದಿರು ಚಪ್ಪಾಳೆ ತಟ್ಟಿದರು. ಟೀಚರು ಡ್ರಿಲ್ ಹೇಳಿಸುವ ದನಿಯಲ್ಲಿ ಕೂಗಿದರು, “ಎಳೀರಿ! ಬಿಡಿ! ಎಳೀರಿ! ಬಿಡಿ!”

ಪೂವಯ್ಯ ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ಮುಖದ ತುಂಬ ಉಪ್ಪುನೀರು. ಅಲೆ ಬರುವಾಗ ಸುತ್ತು, ಹೋಗುವಾಗ ಬಿಡು ಎಂದು ಮುದುಕ ಹೇಳಿದ. ಅವನು ಹಾಗೆಯೇ ಮಾಡಿದ. ಹೊಳೆಯಲ್ಲಿ ಮೀನು ಮಾತ್ರ ಎಳೆಯುತ್ತದೆ. ಇಲ್ಲಿ ಇಡೀ ಕಡಲೇ ಒಂದು ಸಲ ಅವನ ಪಕ್ಷ, ಒಂದು ಸಲ ಮೀನಿನ ಪಕ್ಷ. ಇಂಥ ಆಟವನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ. ಎಷ್ಟು ಹೊತ್ತಾಯಿತೋ, ಕೊನೆಗೆ ಒಂದು ದೊಡ್ಡ ಅಲೆಯ ಬೆನ್ನೇರಿ ಕಪ್ಪನೆಯ ಅಗಲದ ಪ್ರಾಣಿಯೊಂದು ಮರಳಿನ ಮೇಲೆ ಬಂದು ಬಿತ್ತು. ಅಕ್ಕಿ ಕೇರುವ ಗೆರಸಿಗಿಂತ ಅಗಲ. ಹಿಂದೆ ಚಾಟಿಯಂಥ ಬಾಲ.

“ಇದೆಂಥ, ಮೀನಾ, ಕಾರ್ಪೆಟ್ಟಾ?” ಎಂದ ಜವರಯ್ಯ.

“ತೊರಕೆ ಮೀನು!” ಮುದುಕ ಓಡಿಬಂದ. “ಬಾಲ ಮುಟ್ಟಬೇಡಿ, ಮುಳ್ಳುಂಟು!” ಕತ್ತಿಯಿಂದ ಒಂದೇ ಏಟಿಗೆ ಬಾಲ ಕಡಿದು ದೂರ ಎಸೆದ.

ಪೂವಯ್ಯ ಕೋಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ಕುಣಿದ. ಹುತ್ತರಿ ಹಬ್ಬದ ಕೋಲಾಟದಲ್ಲಿಯೂ ಅವನು ಹಾಗೆ ಕುಣಿದದ್ದಿಲ್ಲ. ಜವರಯ್ಯನೂ ಕುಣಿದ. ಬೊಳ್ಳಮ್ಮ ಒದ್ದೆ ಮರಳಿನ ಮೇಲೆ ಕುಳಿತುಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಟೀಚರು ಸುಮ್ಮನೆ ಕೈ ಚಾಚಿ ನಿಂತಿದ್ದರು. “ಇನ್ನೂ ಇಲ್ಲ!” ಎಂದ ಪೂವಯ್ಯ. “ತಿಂದ ಮೇಲೆ!”

ಮುದುಕನ ಹೆಂಡತಿ ಬಾಣಲೆ ತಂದಳು, ಕೊಬ್ಬರಿ ಎಣ್ಣೆ ತಂದಳು, ಮೆಣಸು ಹುಳಿ ಅರೆದ ಕೆಂಪು ಮಸಾಲೆ ತಂದಳು. ಮೂರು ಕಲ್ಲು ಹೂಡಿ, ತೆಂಗಿನ ಸಿಪ್ಪೆಯ ಬೆಂಕಿ ಮಾಡಿದರು. ತುಂಡುಗಳು ಚುಂಯ್ಯೆಂದು ಬಾಣಲೆಗೆ ಬಿದ್ದವು. ಆ ವಾಸನೆ ಎದ್ದದ್ದೇ ಕಾಗೆಗೆ ರಾಗಿ ಮರೆತುಹೋಯಿತು.

ಮೊಣ್ಣಪ್ಪ ದೂರದಲ್ಲಿ, ದೋಣಿಯ ನೆರಳಲ್ಲಿ, ಬರಿಗಾಲಲ್ಲಿ ಕುಳಿತಿದ್ದ. ಅವನ ಮುಖ ಬೆಂಕಿಯ ಕಡೆ ಇರಲಿಲ್ಲ. ಮೂಗು ಇತ್ತು.

ಬೊಳ್ಳಮ್ಮ ಬಾಳೆಯೆಲೆಯಲ್ಲಿ ಒಂದು ದೊಡ್ಡ ತುಂಡು ಹಾಕಿ ತಂದು ಮುಂದಿಟ್ಟಳು.

“ಅಣ್ಣ, ತಿನ್ನು. ಮೊದಲು ನೀನೇ.”

“ನಂಗೆ ಹಸಿವಿಲ್ಲೆ.”

ಅವನ ಹೊಟ್ಟೆ ಗುರುಗುಟ್ಟಿದ್ದು ಅಲೆಯ ಸದ್ದಿನ ಮೇಲೂ ಎಲ್ಲರಿಗೂ ಕೇಳಿಸಿತು. ಜವರಯ್ಯ ಮುಖ ಆಚೆ ತಿರುಗಿಸಿಕೊಂಡ.

ಪೂವಯ್ಯ ಎದ್ದು ಬಂದ. ಒಳ್ಳೆಯ ಮಾತೇ ಆಡಬೇಕೆಂದು ಬಂದಿದ್ದ. “ತಿನ್ನು ಭಾವ. ನಿನ್ನ ತುಂಡೇ ಇದು, ಸ್ವಲ್ಪ ದೊಡ್ಡದಾಗಿ ಬಂದದೆ ಅಷ್ಟೆ.”

ಜವರಯ್ಯ ತಡೆಯಲಾರದೆ ಬುರ್ರೆಂದು ನಕ್ಕ. ಟೀಚರೂ ನಕ್ಕರು. ಮೊಣ್ಣಪ್ಪನ ಕೈ ಆಗಲೇ ಎಲೆಯ ಹತ್ತಿರ ಹೋಗಿತ್ತು, ಬೆರಳಿಗೆ ಮಸಾಲೆಯೂ ತಾಗಿತ್ತು. ನಗು ಕೇಳಿ ಆ ಕೈ ಅಲ್ಲೇ ನಿಂತಿತು.

“ತಿಂದ್ರೆ ಮುಗೀತಲ್ಲ?” ಎಂದ. “ನಾನು ತಿಂದ್ರೆ ನಿನ್ನ ಕೋಲು ಗೆದ್ದಿತು, ಅಂಗಡಿ ಗೆದ್ದಿತು, ನಾನು ಬಾಯಿ ಮುಚ್ಕೊಳ್ಬೇಕು. ಅಲ್ವಾ? ನಾನು ತಿನ್ನೂದಿಲ್ಲೆ! ಉಪವಾಸ ಸಾಯ್ತೇನೆ, ಈ ಕಾರ್ಪೆಟ್ ತಿನ್ನೂದಿಲ್ಲೆ!”

“ತಿನ್ನದಿದ್ರೆ ಬಿಡು! ನೀನು ತಿನ್ನದಿದ್ರೆ ಕಡಲು ಬತ್ತಿಹೋಗ್ತದಾ?”

“ಜವರಯ್ಯ, ಲಾರಿ ತೆಗಿ!”

ಜವರಯ್ಯನ ಬಾಯಿ ತುಂಬಿತ್ತು. “ಗೌಡ್ರೇ, ಬಿಸಿ ಐತೆ... ನುಂಗ್ತೀನಿ, ತಡೀರಿ...”

“ನೀನೂ ತಿಂದ್ಯಾ!”

ಮೊಣ್ಣಪ್ಪ ಎದ್ದ. ಬೆರಳಿಗಂಟಿದ್ದ ಮಸಾಲೆಯನ್ನು ಪಂಚೆಗೆ ಒರೆಸಿಕೊಂಡ; ನೆಕ್ಕಲಿಲ್ಲ, ಅದು ಎಷ್ಟು ಕಷ್ಟದ ಕೆಲಸವೆಂದು ನೋಡಿದವರಿಗೆಲ್ಲ ಗೊತ್ತಾಯಿತು. ಎದೆ ಸೆಟೆಸಿ, ಮಿಲಿಟರಿಯವರ ಹಾಗೆ ತಿರುಗಿ, ರಸ್ತೆಯ ಕಡೆ ಹೊರಟ. ಮಧ್ಯಾಹ್ನದ ಮರಳು ಹಂಚಿನ ಹಾಗೆ ಕಾದಿತ್ತು. ಎರಡು ಹೆಜ್ಜೆ ಗಂಭೀರವಾಗಿ ಇಟ್ಟ. ಮೂರನೆಯದಕ್ಕೆ ಹಾರಿದ. ತೆಂಗಿನ ನೆರಳು ಸಿಕ್ಕಲ್ಲಿ ಎದೆ ಸೆಟೆಸಿ ನಡೆಯುತ್ತಾ, ನೆರಳು ತಪ್ಪಿದಲ್ಲಿ ಕಪ್ಪೆಯ ಹಾಗೆ ಕುಪ್ಪಳಿಸುತ್ತಾ ಹೋದ.

“ಅಣ್ಣಾ! ಬಸ್ಸಿಗೆ ದುಡ್ಡುಟ್ಟಾ?” ಬೊಳ್ಳಮ್ಮ ಕೂಗಿದಳು.

ಅವನು ತಿರುಗದೆ ಪಂಚೆಯ ಗಂಟನ್ನು ತಟ್ಟಿ ತೋರಿಸಿದ.

“ಗೌಡ್ರೇ! ಲಾರಿ ನಿಮ್ದು!” ಜವರಯ್ಯ ಬಾಯಿ ಖಾಲಿ ಮಾಡಿಕೊಂಡು ಕೂಗಿದ. “ನಾವಲ್ಲ ಇಳಿದು ಹೋಗ್ಬೇಕಾದ್ದು!”

ಮೊಣ್ಣಪ್ಪ ತಿರುಗಲಿಲ್ಲ. ಲಾರಿಯ ಪಕ್ಕದಲ್ಲೇ ಹಾದು, ಅದರ ನೆರಳಿನಲ್ಲಿ ಒಂದು ಕ್ಷಣ ಅಂಗಾಲು ಆರಿಸಿಕೊಂಡು, ಮತ್ತೆ ಬಿಸಿಲಿಗೆ ಹಾರಿದ. ಪೂವಯ್ಯನ ಸಿಟ್ಟು ಅಷ್ಟು ಹೊತ್ತಿಗೆ ಇಳಿದುಹೋಗಿತ್ತು. “ಹೋಗಿ ಹಾರನ್ ಒತ್ತು ಜವರಯ್ಯ, ಬರ್ತಾನೆ” ಎಂದ. ಜವರಯ್ಯ ಓಡಿಹೋಗಿ ಹಾರನ್ ಒತ್ತಿದ, ಒತ್ತಿ ಹಿಡಿದ. ತೆಂಗಿನ ತೋಟದಲ್ಲಿದ್ದ ಹಕ್ಕಿಗಳೆಲ್ಲ ಎದ್ದವು, ಎಲ್ಲಿಂದಲೋ ನಾಯಿಗಳು ಬೊಗಳುತ್ತಾ ಬಂದವು, ಮುದುಕನ ಮನೆಯ ಕೂಸು ಅಳತೊಡಗಿತು. ಮೊಣ್ಣಪ್ಪನ ತಲೆ ಮಾತ್ರ ಮಣ್ಣುದಾರಿಯ ತಿರುವಿನಲ್ಲಿ ಒಮ್ಮೆ ಮೇಲೆ ಹಾರಿ, ಕೆಳಗಿಳಿದು, ಮತ್ತೊಮ್ಮೆ ಹಾರಿ, ಬೇಲಿಯಾಚೆ ಕಾಣದಾಯಿತು.